ಎಲೆಕ್ಷನ್ ಇಲ್ಲದಾಗ ಕೊಟ್ಟ ಬಂದೂಕು

ಮಾಯಕೊಂಡದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ವಯಸ್ಸಾದ ರೈತರೊಬ್ಬರು ಬರಿಗೈಯಲ್ಲಿ ಕೂತಿದ್ದರು. ಅವರ ಹೊಲದ ನೆರೆಯವನೊಬ್ಬ ಬಂದು ಮಾತಿಗೆ ಕೂತ.

"ಕೆಂಚವೀರಪ್ಪಣ್ಣ, ಬಂದೂಕು ಪೊಲೀಸ್ ಸ್ಟೇಷನ್‌ಗೆ ಕೊಟ್ರಂತೆ? ಎಲೆಕ್ಷನ್ ಬಂದಾಗ ತಾನೇ ಅವ್ರು ಇಡಿಸ್ಕೊಳ್ಳೋದು? ಈಗ ಯಾವ ಎಲೆಕ್ಷನ್ನೂ ಇಲ್ವಲ್ರಿ."

"ನಾನೇ ಕೇಳ್ಕೊಂಡು ಇಟ್ಟು ಬಂದೆ, ಶಬ್ಬೀರ್. ಸ್ವಲ್ಪ ದಿನ ಅಲ್ಲೇ ಇರ್ಲಿ."

"ಮೆಕ್ಕೆಜೋಳ ತೆನೆ ಕಟ್ಟೈತೆ. ಹಂದಿ ಬಂದ್ರೆ?"

"ತಿನ್ಲಿ ಬಿಡಪ್ಪ."

"ಹಿಂಗಂದ್ರೆ ಹೆಂಗೆ? ಹಂದಿ ಸಪ್ಪಳ ಆದ್ರೆ ನಿಮ್ಮ ಮಗ ಹನುಮೇಶ ಊಟ ಬಿಟ್ಟು ಓಡ್ತಿದ್ದ."

"ಸೊಸೆ ತೀರಿಕೊಂಡಾಗಿಂದ ಅವನು ಹೊಲದ ಕಡೆ ತಿರುಗಿ ನೋಡಿಲ್ಲ. ಮೊನ್ನೆ ಒಬ್ನೇ ಬಂದೂಕು ಒರೆಸ್ತಾ ಕೂತಿದ್ದ. ಹಂದಿ ಬಂದಾವೇನೋ ಅಂದೆ. ಇಲ್ಲ ಅಂದ."

ಶಬ್ಬೀರ್ ಮುದುಕರ ಹತ್ತಿರಕ್ಕೆ ಸರಿದು ಕೂತ.

"ಒಳ್ಳೇದು ಮಾಡಿದ್ರಿ. ಡಬ್ಬ ಬಡಿದು ನಿಮ್ಮ ಜೋಳಾನೂ ನಾನೇ ಕಾಯ್ತೀನಿ. ವಾಪಸ್ ಯಾವಾಗ ತರ್ತೀರಿ?"

"ಮೊದ್ಲು ಅವನು ಎದ್ದು ಹೊಲಕ್ಕೆ ಬರ್ಲಿ. ಬಂದೂಕಿನ ಮಾತು ಆಮೇಲೆ."

"ಹೊಲಕ್ಕೆ ಹೋಗುವಾಗ ನಿಮ್ಮ ಬಾಗ್ಲಲ್ಲಿ ನಿಂತು ಅವನನ್ನ ಕೂಗ್ಲಾ?"

ಬಸ್ಸು ಬಂತು. ಮುದುಕರು ಅವನ ಭುಜ ಹಿಡಿದು ಎದ್ದರು.

"ಕೂಗಪ್ಪ. ಅವನು ಬರ್ಲಿಲ್ಲ ಅಂದ್ರೂ ದಿನಾ ಕೂಗು."