ಹಿಮ್ಮೇಳ ಎರಡು ಸಲ ಅಂದ ಸಾಲು

ನಾಗರಪಂಚಮಿ ಮರುದಿನ, ಶುಕ್ರವಾರ! ಅವತ್ತೇ ನಾ ಮೊದಲ ಸಲ ಊರು ಬಿಟ್ಟು ಓಡಿದ್ದು, ಮಂಜವ್ವ ಚಿಗವ್ವಾ. ಆರನೇ ಇಯತ್ತೆ. ಮಾಸ್ತರ ಬೆತ್ತ ಮುರದು, ಆ ತುಂಡೀಲೇ ಮತ್ತ ಹೊಡದಿದ್ದ. ಆಗ ಬುತ್ತಿ ಕಟ್ಟಿ ಕೊಟ್ಟಾಂವ ಯಾರು? ನಿನ್ನ ಮಗ ಭೀಮೇಶ! ನಿನ್ನ ಗಡಗಿಯೊಳಗಿನ ಎಳ್ಳುಂಡಿ ಕದ್ದು... ಯಾಕ ನಗತಿ? ಖರೇನ! ಎಲ್ಲಾರೂ ಹುಡುಕಿದ್ರೂ ನನ್ನ ದಿಕ್ಕು ಯಾರಿಗೂ ಹೇಳಲಿಲ್ಲ ಅಂವ.

ನಗೂದು ನಿಂತಿತಲ್ಲ... ನಿನ್ನಿ ತಾಲೀಮಿನ ಮಾತು ತಾನೆ?

ಸಿಪಾಯಿ ಭೀಮೇಶ ಗಡಿಯೊಳಗ ಸತ್ತು ಇವತ್ತಿಗೆ ವರ್ಷ. ನಮ್ಮೂರು ಶಿಗ್ಲಿ ಮಂದಿಯೆಲ್ಲಾ ಕೂಡತಾರ, ಅಂವ ಬರದ ಪದಾ ನಮ್ಮ ಭಜನಾ ಮೇಳ ಹಾಡತೈತಿ. ಧಾಟಿ ಕಟ್ಟಿದಾಂವ ನಾನು. ಮೊದಲ ನುಡಿ ಕೇಳಿದಿ ಅಲ್ಲ?

ಹೊಗಿಯೊಳಗ ಗೆಳೆಯನ್ನ ಹುಡುಕಿದೆ,
ಬೂಟು ಸಿಕ್ಕಿತು, ಬೂಟಿನೊಳಗ ಕಾಲು.

ಹನ್ನೆರಡು ಕೊರಳು ಒಮ್ಮೆಲೇ ಎತ್ತಿದ್ರ ಎದಿ ಒಡೀತೈತಿ! ಗುಡುಸಾಬ ಅಂತೂ ಡಪ್ಪು ಹರಿಯೂ ಹಂಗ ಬಡಿತಾನ. ಆದರ ಕಡೀ ಸಾಲು... ನಾ ಮೇಳಕ್ಕ ಕಲಿಸಿದ್ದು, "ಅವ್ವಾ, ನಾ ಹೊಳ್ಳಿ ಬರೂದಿಲ್ಲ, ದೀಪಾ ಹಚ್ಚು." ನಿನ್ನಿ ನೀ ಬಂದು ಎದುರಿಗೆ ಕುಂತಿ. ನನ್ನ ಬಾಯಾಗ ಬ್ಯಾರೇದ ಬಂತು. ಮುಂದ ಹಾಡಾಂವ ಏನಂದ್ರೂ ಹಿಮ್ಮೇಳ ಎರಡು ಸಲ ಅನ್ನಬೇಕಲ್ಲ... ಅಂದ್ರು! ಹನ್ನೆರಡೂ ಮಂದಿ! "ಅವ್ವಾ, ನಾ ಹೊಳ್ಳಿ ಬಂದೇನಿ, ಕದಾ ತಗಿ." ಎರಡು ಸಲ!

ಬಾಯಿ ತಪ್ಪಿತು, ಅಷ್ಟ. ರಜಾ ಮುಗದಾಗ ಗದಗ ಸ್ಟೇಷನ್ನಿಗೆ ಕಳಿಸಾಕ ಹೋದಾಂವ ನಾನಲ್ಲೇನು? ನಕ್ಕೊಂತ ಗಾಡಿ ಹತ್ತಿದ ಅಂತ ಹೇಳೇನಲ್ಲ? ಮತ್ತ ಕೈ ಮ್ಯಾಲಿನ ಕಲೆ ಯಾಕ ನೋಡತಿ? ನಾಯಿ ಕಚ್ಚಿದ್ದು ಅಂದೇನಲ್ಲ, ಬಿಂಕದಕಟ್ಟಿಯೊಳಗ... ಹಂಗ ನೋಡಬ್ಯಾಡ ಚಿಗವ್ವಾ! ನೋಡಬ್ಯಾಡ!

ಆತು. ಅಂವನೇ ಕಚ್ಚಿದ್ದು.

ಸ್ಟೇಷನ್ ಬೆಂಚಿನ ಮ್ಯಾಲೆ ಕುಂತು 'ಕದಾ ತಗಿ' ಅಂತ ಆ ಕಡೀ ಸಾಲು ಬರದ; 'ದೀಪಾ ಹಚ್ಚು' ಅನ್ನೂದು ಆಮ್ಯಾಲೆ ನಾ ತಿದ್ದಿದ್ದು. ನಾ ಹೋಗೂದಿಲ್ಲೋ, ಅವ್ವನ ಕಡೆ ಹೊಳ್ಳಿ ಹೋಗೂಣು ಅಂದ. ಹೇಡಿ ಅಂದೆ! ಜನ್ಮಾ ಪೂರಾ ಓಡಿದಾಂವ ನಾನು, ನಾ ಅಂದೆ! ಸಿಪಾಯಿ ಗೆಳೆಯಾ ಅಂತ ನಾಕು ಊರಾಗ ಎದಿ ಎತ್ತಿ ತಿರಗತಿದ್ದೆ, ಆ ಮಾನ ಹೋಗತೈತಿ ಅಂತ... ಕಪಾಳಕ್ಕ ಬಿಗದೆ. ಅಂವ ಕೈ ಕಚ್ಚಿದ. ಪಕ್ಕಿ ಎಲುವಿಗೆ ಒದ್ದೆ. ಕೊರಳಪಟ್ಟಿ ಹಿಡದು ಕಂಬಕ್ಕ ಬಡದೆ, ತುಟಿ ಹರದು ಅಂಗಿ ಮ್ಯಾಲೆ ರಕ್ತ... ಹೊಂಟ ಗಾಡಿಯೊಳಗ ನೂಕಿದೆ. ತಿರುಗಿ ಬಡೀಲಿಲ್ಲ ಚಿಗವ್ವಾ, ಅಷ್ಟು ದೊಡ್ಡ ಸಿಪಾಯಿ! ಇಪ್ಪತ್ತು ದಿನಕ್ಕ ಪೆಟ್ಟಿಗಿ ಬಂತು. ತಗೀಬ್ಯಾಡ್ರಿ ಅಂದ್ರು.

ಆಮ್ಯಾಲೆ ಈ ಒಂದು ವರ್ಷ ನಿನ್ನ ಮನಿಯಾಗ ಇದ್ದು ನಿನ್ನ ಕೈಯಾನ ರೊಟ್ಟಿ ತಿಂದೆ. ಎಲ್ಲಿಗೂ ಓಡಲಿಲ್ಲ.

ಬೈಯಿ! ಹೊಡಿ! ಯಾಕ ಎದ್ದಿ? ಎಲ್ಲಿಗೆ?

ಓ... ಕದಾ ತಗದಿ. ನನಗ, ಹೊರಗ ಹೋಗಾಕ.

ತಿಳೀತು. ಇರೂದೇನು, ಎರಡು ಅಂಗಿ, ಒಂದು ಚಾದರ. ತುಂಬಿದೆ. ಹಾರ್ಮೋನಿಯಂ ಪೇಟಿ ಇಲ್ಲೇ ಇರಲಿ, ಮೇಳಕ್ಕ ಬೇಕು. ಆ ಕಡೀ ಸಾಲು ನೀನೇ ಎತ್ತು ಚಿಗವ್ವಾ. ನೀ ಏನಂದ್ರೂ ಅವರು ಎರಡು ಸಲ ಅಂತಾರ.