ಓಟಿಗೆ ಹೊರಟವರು

ಊರಿನ ಪಂಚಾಯಿತಿ ಚುನಾವಣೆಗೆ ಅಭ್ಯರ್ಥಿ ಕಳಿಸಿದ ಪುಕ್ಕಟೆ ಬಸ್ಸಿಗೆ ಪುಣೆಗೆ ದುಡಿಯಲು ಬಂದಿದ್ದ ಫಕೀರಪ್ಪ, ಪಾರವ್ವ ದಂಪತಿ ಅಲ್ಲಿನ ಕಾತ್ರಜದಲ್ಲಿ ಕಾಯುತ್ತಿದ್ದರು. ಅವರ ಮಾತು ಪಕ್ಕದಲ್ಲಿ ಬೇರೆ ಬಸ್ಸಿಗೆ ನಿಂತಿದ್ದ ಕನ್ನಡದ ಹುಡುಗಿ ನೀತಾಳ ಕಿವಿಗೆ ಬಿತ್ತು.

“ಮತ್ತ ಜೋರ್ ಮಳಿ ಅದ ಅಂತ್ರಿ. ನಾಲಾ ಉಕ್ಕಿ ಶೆಡ್ಡಿಗೆ ನೀರು ಹೊಕ್ರ, ಹಾಸಿಗಿ ಹಿಡಿದ ಅತ್ತಿನ್ನ ಯಾರು ಎತ್ತತಾರ?”

“ಬಾಜೂ ಶೆಡ್ಡಿನ ಮಾಯಾಗ ನೋಡ್ಕೋ ಅಂತ ಹೇಳೀನಿ.”

“ಇಲ್ಲಿ ವಾರ್ಡಿನ ಕಾರ್ಪೊರೇಟರ್, ಆ ನಗರಸೇವಕಗೂ ಒಂದು ಮಾತು ಹೇಳ್ರಲ್ಲ.”

“ಹೋದ ಮಳಿಗಾಲದಾಗ ಹೇಳಿದ್ದೆ. ನಿಮ್ಮ ಓಟು ಎಲ್ಲಿ ಅದ ಅಂತ ಕೇಳ್ದ.”

“ಈ ಬಸ್ ಕಳಿಸಿದ ಊರ ಮೆಂಬರಗ?”

“ಪುಣೆದ ನೀರು ನಾ ಹೆಂಗ ತಗೀಲಿ ಅಂತ ನಕ್ಕ.”

“ಅಂಥವಗ ಓಟು ಹಾಕಾಕ ಯಾಕ ಹೊಂಟೀವ್ರಿ?”

“ಹೋಗ್ಲಿಲ್ಲಂದ್ರ ಅಲ್ಲೂ ನಮ್ಮನ್ನ ಕೇಳಾವ್ರು ಇರೂದಿಲ್ಲ.”

ಹನಿ ಬೀಳತೊಡಗಿದಾಗ ಬಸ್ಸು ಬಂದು ನಿಂತಿತು. ಕಿಟಕಿಯಿಂದ ಒಬ್ಬಳು ಕೈ ಬೀಸಿದಳು.

“ಪಾರವ್ವಕ್ಕಾ, ಲಗೂನ ಬಾ, ನನ್ನೂ ಓಟಿಗೆ ಕರದ್ರು, ಹಿಂದಿನ ಸ್ಟಾಪಿನಾಗ ಹತ್ತಿ ಸೀಟ್ ಹಿಡದೀನಿ!”

“ಮಾಯಾ, ನೀನೂ ಹೊಂಟೀ? ಅತ್ತಿನ್ನ ಯಾರು ನೋಡತಾರ?”

ಪಾರವ್ವ ಗಂಡನ ಮುಖ ನೋಡಿದಳು. ಅವನು ಚೀಲ ಎತ್ತಿಕೊಂಡು ಹತ್ತಿದ. ಅವಳೂ ಹತ್ತಿದಳು.