ಇಪ್ಪತ್ತೆಂಟರ ಕಾರಿನ ಕನ್ನಡಿ

ಕೊಚ್ಚಿಯ ವೈಟ್ಟಿಲ ನಿಲ್ದಾಣದ ಬಸ್ ಸರದಿಯಲ್ಲಿ ಮೈಸೂರು ಕನ್ನಡ ಕೇಳಿದೊಡನೆ ಅಲ್ಲಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಸುಮಿತ್ರ ಕಿವಿ ನಿಮಿರಿಸಿದರು. ಮುಂದೆ ನಿಂತಿದ್ದ ಹುಡುಗ, ಹುಡುಗಿ ತಾವು ತಯಾರಿಸಿದ ಪತ್ತೇದಾರಿ ವಿಡಿಯೊ ಗೇಮಿನ ಬಗ್ಗೆ ಜಗಳವಾಡುತ್ತಿದ್ದರು.

“ಸಮರ್ಥ್, ನಮ್ಮ ಕಥೆ ನಡೆಯೋದು ಸಾವಿರದ ಒಂಬೈನೂರ ಇಪ್ಪತ್ತೆಂಟರಲ್ಲಿ. ಆ ಕಾರಿಗೆ ಹಿಂದೆ ನೋಡೋ ಕನ್ನಡಿ ಎಲ್ಲಿಂದ ಬಂತೋ?”

“ತಿರುವನಂತಪುರದಲ್ಲಿ ಅಸಲಿ ಕಾರನ್ನೇ ನೋಡಿ ಮಾಡಿದ್ದು ಕಣೇ, ನಿಹಾರಿಕಾ.”

“ಕನ್ನಡಿ ಹೋದ ವರ್ಷ ಹಾಕ್ಸಿದ್ದಂತೆ. ಆ ಕಾರಿನ ಮಾಲೀಕರೇ ಈಗ ಫೋನಲ್ಲಿ ಹೇಳಿದ್ರು.”

“ಅಯ್ಯೋ! ನಾಳೆ ಗೇಮ್ ಬಿಡುಗಡೆ. ಕನ್ನಡಿ ಕಿತ್ತುಹಾಕಿದ್ರಾಯ್ತು ಬಿಡು.”

“ಜಾಣ! ಹಿಂದಿನ ಸೀಟಲ್ಲಿ ಅಡುಗೆಯವನು ಯಜಮಾನರ ಕತ್ತು ಹಿಸುಕಿದ್ದನ್ನ ಡ್ರೈವರ್ ನೋಡಿದ್ದೇ ಆ ಕನ್ನಡೀಲಿ.”



“ಹಾಗಾದ್ರೆ ಡ್ರೈವರ್ ಸುಳ್ಳು ಹೇಳ್ತಿದಾನೆ.”

“ಹೂಂ. ಅವನ ಸಾಕ್ಷಿ ನಂಬಿ ನಾವು ಗಲ್ಲಿಗೆ ಹಾಕಿರೋದು ಅಡುಗೆಯವನನ್ನ.”

ಕಾಕ್ಕನಾಡಿನ ಬಸ್ಸು ಬಂದು ನಿಂತಿತು.

“ಹತ್ತು, ಆಫೀಸಿಗೇ ವಾಪಸ್ ಹೋಗೋಣ,” ಎಂದ ಸಮರ್ಥ್. “ಬಿಡುಗಡೆ ಮುಂದಕ್ಕೆ ಹೋದ್ರೆ ಹೋಗ್ಲಿ. ಪಾಪ, ಆ ಮನುಷ್ಯನನ್ನ ಮೊದಲು ಗಲ್ಲಿನಿಂದ ಕೆಳಗಿಳಿಸೋಣ.”